ಕಲ್ಲು ತಾಂಡೂರಿನದು, ಜಾರು ಮೊರ್ಬಿಯದು

ತೆಲಂಗಾಣದ ತಾಂಡೂರಿಗೆ ದೇವರು ನೆಲದ ಮೇಲೆ ತೊಗರಿ ಕೊಟ್ಟ, ನೆಲದ ಕೆಳಗೆ ಫರಸಿ ಕೊಟ್ಟ. ತೊಗರಿಗೆ 2022ರಲ್ಲಿ ಜಿಐ ಮಾನ್ಯತೆಯ ಕಿರೀಟ ಬಂತು. ಫರಸಿಗೆ ದನದ ಕೊಟ್ಟಿಗೆ ಬಂತು.

ಫರಸಿ ಅಂದರೆ ಸಾಮಾನ್ಯ ಸರಕಲ್ಲ. ಕರಣಕೋಟ, ಬಶೀರಾಬಾದ್ ಕಡೆಯ ಗಣಿಗಳಲ್ಲಿ ಪದರ ಪದರವಾಗಿ ಏಳುವ ಈ ಸುಣ್ಣಕಲ್ಲು ಗಡಿಯಾಚೆಯ ಶಹಾಬಾದ್, ಸೇಡಂ, ಚಿತ್ತಾಪುರದ ಕಲ್ಲಿಗೆ ಖಾಸಾ ಭಾವುಬಂದ. ಪಾಲಿಶ್ ಹೊಡೆಯದೆ ಹಾಗೇ ಹಾಸಿದರೆ ಮೈ ಒರಟು. ನೀರು ಬಿದ್ದರೂ ಅಂಗಾಲನ್ನು ಕಚ್ಚಿ ಹಿಡಿಯುತ್ತದೆ. ಎಷ್ಟೋ ತಲೆಮಾರಿನ ಆಯಿಯಂದಿರು ಇದರ ಮೇಲೆ ಕೂತೇ ತಲೆ ಎರೆದುಕೊಂಡರು. ರೈಲು ಸೌಲಭ್ಯ, ಸಿಮೆಂಟ್ ಕಾರ್ಖಾನೆ, ಕಲ್ಲು ಕೊಯ್ಯುವ ಯಂತ್ರ ಎಲ್ಲ ಊರಲ್ಲೇ ಇದೆ. ಬಚ್ಚಲು ಕಟ್ಟಲು ಬೇಕಾದ್ದರಲ್ಲಿ ಬುದ್ಧಿಯೊಂದನ್ನು ಬಿಟ್ಟು ಮಿಕ್ಕೆಲ್ಲ ತಾಂಡೂರಿನಲ್ಲಿ ಸಿಗುತ್ತದೆ.

ಆದರೆ ಮನೆ ಕಟ್ಟಿಸುವ ಮಗನಿಗೆ ಫರಸಿ ಎಂದರೆ ನಾಚಿಕೆ. “ಹಳ್ಳಿ ಮನಿ ಕಂಡಂಗ ಕಾಣ್ತದ” ಅನ್ನುತ್ತಾನೆ. ಅವನಿಗೆ ಗುಜರಾತಿನ ಮೊರ್ಬಿಯಿಂದ ಬಂದ, ಫಳಫಳ ಹೊಳೆಯುವ ವಿಟ್ರಿಫೈಡ್ ಟೈಲ್ಸೇ ಬೇಕು. ಫರಸಿ ತುಂಬಿದ ಲಾರಿ ಊರಿಂದ ಹೊರಗೆ ಹೋಗುತ್ತದೆ, ಟೈಲ್ಸ್ ತುಂಬಿದ ಲಾರಿ ಊರೊಳಗೆ ಬರುತ್ತದೆ. ಎರಡೂ ಒಂದೇ ದಾಬಾದ ಮುಂದೆ ಪಕ್ಕಪಕ್ಕ ನಿಂತಾಗಲೂ ಯಾರಿಗೂ ನಗು ಬರುವುದಿಲ್ಲ.

ಅಂಗಡಿಯಾತ ಒಂದು ಟೈಲನ್ನು ಬೆಳಕಿಗೆ ಓರೆಯಾಗಿ ಹಿಡಿದು, “ನೋಡ್ರಿ ಸಾವ್ಕಾರ್ರೇ, ಮಾರಿ ಕಾಣ್ತದ” ಅನ್ನುತ್ತಾನೆ. ಸುಳ್ಳಲ್ಲ. ಮುಂದೊಂದು ದಿನ ಆ ಬಚ್ಚಲ ನೆಲದಲ್ಲಿ ಅವ್ವನಿಗೆ ತನ್ನ ಮಾರಿ ಬಹಳ ಹತ್ತಿರದಿಂದ ಕಾಣುತ್ತದೆ. ಜಾರದ ಒರಟು ಟೈಲ್ಸೂ ಅದೇ ಅಂಗಡಿಯ ಹಿಂದಿನ ಸಾಲಿನಲ್ಲಿ ಇರುತ್ತವೆ; ಡಬ್ಬಿಯ ಮೇಲೆ ಆರ್10, ಆರ್11 ಎಂದು ಹಿಡಿತದ ದರ್ಜೆ ಬರೆದಿರುತ್ತದೆ. ಅದನ್ನು ಕೇಳಿದವರನ್ನು ಅಂಗಡಿಯಾತ ಕನಿಕರದಿಂದ ನೋಡುತ್ತಾನೆ. “ಅದು ಹೊಲಸ ಹಿಡೀತದರಿ, ತಿಕ್ಕಲಕ್ ತ್ರಾಸ.” ತಿಕ್ಕುವವರು ಯಾರು ಎಂದು ಅವನೂ ಕೇಳುವುದಿಲ್ಲ, ಇವನೂ ಹೇಳುವುದಿಲ್ಲ.

ಇನ್ನು ಮನೆಯ ನಕಾಶೆ. ಜಹೀರಾಬಾದಿನಲ್ಲಿ ಹೆದ್ದಾರಿ 65ರ ಆಜೂಬಾಜೂ ಏಳುತ್ತಿರುವ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಜಾಗ ಹಂಚುವ ಶಾಸ್ತ್ರ ತಾನೇ ತಿಳಿಯುತ್ತದೆ. ಮೊದಲ ಪಾಲು ದೇವರ ಕೋಣೆಗೆ. ಎರಡನೆಯದು ಟಿವಿ ಗೋಡೆಗೆ. ಮೂರನೆಯದು ಇನ್ನೂ ಕೊಳ್ಳದ ಕಾರಿಗೆ. ಆಮೇಲೆ ರಸ್ತೆಯಲ್ಲಿ ಹೋಗುವವರು ತಲೆ ಎತ್ತಿ ನೋಡಲೆಂದು ಮುಂಭಾಗದ ಎಲಿವೇಶನ್ನಿಗೆ. ಇಷ್ಟಾಗಿ ಮಹಡಿ ಮೆಟ್ಟಿಲಿನ ಕೆಳಗೆ ಒಂದು ತ್ರಿಕೋನ ಉಳಿದಿರುತ್ತದೆ. ಅದೇ ಬಚ್ಚಲು. ಅಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಬಗ್ಗಿದರೆ ನಡು ಹಿಡಿಯುತ್ತದೆ. ಮನೆಯಲ್ಲಿ ನಡು ಬಾಗಿದವರು ಹೇಗೂ ಒಬ್ಬರಿದ್ದಾರಲ್ಲ, ಅವರಿಗೆ ಸರಿಹೋಗುತ್ತದೆ ಎಂಬ ದೂರದೃಷ್ಟಿ ಇರಬಹುದು.

ವಾಸ್ತು ಪಂಡಿತರು ಮಾತ್ರ ದಿಕ್ಸೂಚಿ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಾರೆ. ಈಶಾನ್ಯದಲ್ಲಿ ಬೇಡ, ಲಕ್ಷ್ಮಿ ಹೋಗುತ್ತಾಳೆ. ನೈಋತ್ಯದಲ್ಲಿ ಬೇಡ, ಯಜಮಾನನಿಗೆ ಕೇಡು. ವಾಯವ್ಯದಲ್ಲಿ ಇರಲಿ. ಹೀಗೆ ಎಂಟು ದಿಕ್ಕಿನ ದೇವತೆಗಳ ಅನುಮತಿ ಪಡೆದ ಮೇಲೂ ಒಬ್ಬರನ್ನು ಕೇಳುವುದು ಬಾಕಿ ಇರುತ್ತದೆ. ರಾತ್ರಿ ಮೂರು ಸಲ ಎದ್ದು, ಗೋಡೆ ಸವರುತ್ತ ಅಲ್ಲಿಗೆ ಹೋಗಬೇಕಾದ ಅವ್ವನನ್ನು. ಯಾರೂ ಕೇಳದಿದ್ದರೂ ಅವಳು ಹೇಳದೆ ಇರುವುದಿಲ್ಲ.

“ಯಪ್ಪಾ, ಹಿಡಕೊಳ್ಳಕ್ ಏನರ ಒಂದು ಹಾಕಸು. ಕೂತ್ರ ಏಳಲಕ್ ಬರಲ್ಲ ನನಗ.”

“ಅವ್ವಾ, ನೀ ಸುಮ್ ಕೂಡು. ಇದು ಹೊಸ ಮಾಡಲ್ ಅದ, ನಿನಗ ತಿಳಿಯಲ್ಲ.”

ಗೌಂಡಿ ನಡುವೆ ಬಾಯಿ ಹಾಕುತ್ತಾನೆ. “ಆಯಿ ಹೇಳಾದು ಬರೋಬರಿ ಅದರಿ ಮಾಲಕ್ರೇ. ಒಂದೇ ತಕರಾರು, ಗ್ವಾಡಿಗಿ ರಾಡ್ ಹಾಕಿದ್ರ ಮನಿ ದವಾಖಾನಿ ಕಂಡಂಗ ಕಾಣ್ತದ.”

ಅಲ್ಲಿಗೆ ಚರ್ಚೆ ಮುಗಿಯಿತು. ಮನೆ ದವಾಖಾನೆಯ ಹಾಗೆ ಕಾಣಬಾರದೆಂದು ಹಿಡಿಕೆ ಹಾಕದ ಮಗ, ಮುಂದೆ ಆರು ವಾರ ದವಾಖಾನೆಯನ್ನೇ ಮನೆ ಮಾಡಿಕೊಂಡು ಇರುತ್ತಾನೆ.

ಬಚ್ಚಲಿನ ಅಂಗಸೌಷ್ಠವವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚೌಕಟ್ಟು 2 ಅಡಿ 3 ಇಂಚು. ಅದರಲ್ಲಿ ಪಿವಿಸಿ ಬಾಗಿಲಿನ ದಪ್ಪ, ಕೀಲಿನ ಜಾಗ ಕಳೆದರೆ ಮನುಷ್ಯ ನುಸುಳಲು ಉಳಿಯುವುದು ಸುಮಾರು 2 ಅಡಿ. ಸಾಮಾನ್ಯ ಗಾಲಿಕುರ್ಚಿಯ ಅಗಲ 25–26 ಇಂಚು. ಕುರ್ಚಿಗೂ ಬಚ್ಚಲಿಗೂ ನಡುವೆ ಒಂದೆರಡು ಇಂಚಿನ ಹಗೆತನ, ಯಾವ ಪಂಚಾಯಿತಿಯೂ ಬಗೆಹರಿಸಲಾರದ್ದು. ಕೇಂದ್ರ ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ ಸುಗಮ್ಯತೆಯ ಮಾರ್ಗಸೂಚಿ ಬಾಗಿಲು 900 ಮಿಲಿಮೀಟರ್ ತೆರೆದಿರಬೇಕು, ಅಂದರೆ ಹೆಚ್ಚುಕಡಿಮೆ 3 ಅಡಿ, ಎನ್ನುತ್ತದೆ. ಒಳಗೆ ಕುರ್ಚಿ ತಿರುಗಲು 1500 ಮಿಲಿಮೀಟರಿನ ವೃತ್ತ ಬೇಕು, ಅಂದರೆ 5 ಅಡಿ. ಮೆಟ್ಟಿಲಡಿಯ ತ್ರಿಕೋನದೊಳಗೆ ಈ ವೃತ್ತ ಬರೆಯಲು ಹೋದರೆ ಅದು ಪಕ್ಕದ ಮನೆಯ ಕಾಂಪೌಂಡಿನಲ್ಲಿ ಮುಗಿಯುತ್ತದೆ.

ಬಾಗಿಲಿನ ಬುಡದಲ್ಲಿ ನಾಲ್ಕಿಂಚಿನ ಹೊಸ್ತಿಲು. ನೀರು ಹೊರಗೆ ಬರಬಾರದಂತೆ. ನೀರು ಹೊರಗೆ ಬರುವುದಿಲ್ಲ, ನಿಜ, ಅವ್ವನೂ ಬರುವುದಿಲ್ಲ. ಈ ಹೊಸ್ತಿಲಿನ ಗಟ್ಟಿತನ ನೋಡಿದರೆ ನನಗೆ ಚರಿತ್ರೆ ನೆನಪಾಗುತ್ತದೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ್ ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಒಂದೇ ರಾತ್ರಿಯಲ್ಲಿ ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾದವು. 2016ರಲ್ಲಿ ಮತ್ತೆ ಎತ್ತಿ ಎರಡನ್ನು ಸಂಗಾರೆಡ್ಡಿಗೆ, ಒಂದನ್ನು ವಿಕಾರಾಬಾದಿಗೆ ಕೊಟ್ಟರು. ರಾಜ್ಯದ ಗಡಿ ಸರಿಯಿತು, ಜಿಲ್ಲೆಯ ಗಡಿ ಸರಿಯಿತು. ಬಚ್ಚಲ ಹೊಸ್ತಿಲು ಒಂದು ನೂಲು ಸರಿದಿಲ್ಲ.

ಬಾಗಿಲು ಒಳಗಡೆಗೆ ತೆರೆಯುತ್ತದೆ. ಇದು ಸಣ್ಣ ಸಂಗತಿ ಎಂದುಕೊಂಡವರು ಬಿದ್ದವರನ್ನು ಹೊರಗೆ ತೆಗೆಯುವ ಕೆಲಸಕ್ಕೆ ಯಾವತ್ತೂ ನಿಂತಿರುವುದಿಲ್ಲ. ಅವ್ವ ಒಳಗೆ ಚಿಲಕ ಹಾಕಿಕೊಂಡಿರುತ್ತಾಳೆ, ಮರ್ಯಾದಸ್ತ ಹೆಂಗಸು. ಕಾಲು ಜಾರುತ್ತದೆ. ಕೈ ಟವೆಲ್ ರಾಡಿಗೆ ಹೋಗುತ್ತದೆ. ಆ ರಾಡು ಒಂದು ಒದ್ದೆ ಟವೆಲಿನ ಭಾರ ಹೊರಲು ಹುಟ್ಟಿದ್ದು. ಎರಡು ಪ್ಲಾಸ್ಟಿಕ್ ಬೆಣೆ, ಒಂದಿಷ್ಟು ಗಾರೆ ಸಮೇತ ಕೈಗೆ ಬರುತ್ತದೆ. ಬಿದ್ದ ಅವ್ವನ ಕಾಲು ಬಾಗಿಲಿಗೆ ಅಡ್ಡ. ಹೊರಗಿನವರು ದೂಡಿದಷ್ಟೂ ಮುರಿದ ತೊಡೆಯ ಮೇಲೇ ದೂಡಿದಂತೆ. ಮಗ ಕೂಗುತ್ತಾನೆ, ಸೊಸೆ ಅಳುತ್ತಾಳೆ, ಎದುರು ಮನೆಯ ಹುಡುಗ ಹಾರೆ ತರುತ್ತಾನೆ. ಬಾಗಿಲು ಒಡೆದು ಹೊರಗೆ ತರುವ ಹೊತ್ತಿಗೆ ಓಣಿ ಪೂರಾ ಸೇರಿರುತ್ತದೆ. ಎಲಿವೇಶನ್ ನೋಡಲು ಬಾರದವರೆಲ್ಲ ಆ ದಿನ ಬಚ್ಚಲು ನೋಡಿ ಹೋಗುತ್ತಾರೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ದಾರಿ. ಊರ ದವಾಖಾನೆಯಲ್ಲಿ ಎಕ್ಸ್‌ರೇ, “ಹೈದರಾಬಾದಿಗೆ ಒಯ್ರಿ” ಎಂಬ ಚೀಟಿ, ಆಂಬುಲೆನ್ಸು, ತೊಡೆಗೆ ರಾಡು. ಕಡೆಗೂ ಅವ್ವನಿಗೊಂದು ರಾಡು ಸಿಕ್ಕಿತು, ಗೋಡೆಯಲ್ಲಿ ಅಲ್ಲ ಅಷ್ಟೇ.

ಕಾಣಲು ಬರುವ ನೆಂಟರು ಬಾಳೆಹಣ್ಣು, ಬಿಸ್ಕೀಟು, ಬುದ್ಧಿಮಾತು ಮೂರನ್ನೂ ತರುತ್ತಾರೆ. “ವಯಸ್ಸಾದ ಮ್ಯಾಲ ಜ್ವಾಕಿ ಇರಬೇಕವ್ವಾ.” “ರಾತ್ರಿ ಯಾಕ ಎದ್ದಿ?” “ಒಬ್ಬಾಕಿನೇ ಯಾಕ ಹೋದಿ?” ಬಿದ್ದ ತಪ್ಪು ಬಿದ್ದವಳದ್ದೇ. ಟೈಲ್ಸಿನ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ, ಏಕೆಂದರೆ ಬಂದವರ ಮನೆಯಲ್ಲೂ ಅದೇ ಟೈಲ್ಸು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದರದ್ದೇ, ಅದರಲ್ಲಿ ದೊಡ್ಡ ಪಾಲು ಅರವತ್ತು ದಾಟಿದವರದ್ದು. ರಸ್ತೆಯಲ್ಲಿ ಸತ್ತರೆ ಕೇಸಾಗುತ್ತದೆ. ಬಚ್ಚಲಲ್ಲಿ ಬಿದ್ದು ಸತ್ತರೆ ಅದು ಹಣೆಬರಹ.

ಬೀಳದವರ ಕಥೆ ಇನ್ನೂ ಬೇರೆ. ಬೀಳುವ ಹೆದರಿಕೆಗೆ ಅವರು ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಚಾ ಬೇಡ, ಮಜ್ಜಿಗೆ ಬೇಡ. ಮಲಬದ್ಧತೆ, ಉರಿಮೂತ್ರ, ತಲೆಸುತ್ತು ಒಂದೊಂದಾಗಿ ಬರುತ್ತವೆ. ತಲೆಸುತ್ತು ಬಂದವರು ಮತ್ತೆ ಬಚ್ಚಲಲ್ಲೇ ಬೀಳುತ್ತಾರೆ. ಸೊಸೆ ಫೋನಿನಲ್ಲಿ ತಾಯಿಗೆ ಹೇಳುತ್ತಾಳೆ, “ನಮ್ಮತ್ತಿದು ಏನೂ ತ್ರಾಸಿಲ್ಲವಾ, ರಾತ್ರಿ ಏಳಾದೇ ಇಲ್ಲ.”

ಬಯಲಿಗೆ ಹೋಗುತ್ತಿದ್ದ ಕಾಲವೇ ವಾಸಿಯಿತ್ತು ಎಂದು ಕೆಲವು ಮುತ್ಯಾಗಳು ಗೊಣಗುತ್ತಾರೆ. ಚರಿಗಿ ಹಿಡಿದು ಹೊರಟರೆ ಹೊಸ್ತಿಲಿಲ್ಲ, ಚಿಲಕವಿಲ್ಲ, ಎಷ್ಟು ಅಗಲದ ಕುರ್ಚಿಗೂ ಜಾಗ. ಮುತ್ಯಾನಿಗೆ ಅದು ಚೆಂದವೇ. ನಸುಕಿನ ನಾಲ್ಕಕ್ಕೇ ಎದ್ದು ಹೋಗಿಬರಬೇಕಿದ್ದ, ಹಗಲೆಲ್ಲ ತಡೆದುಕೊಂಡಿರಬೇಕಿದ್ದ ಆಯಿಯನ್ನು ಕೇಳಿದರೆ ಬಯಲಿನ ವೈಭವದ ಮಾತು ಅಲ್ಲಿಗೇ ನಿಲ್ಲುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತದಲ್ಲಿ ಹಳ್ಳಿಯ ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿ ಕೊಟ್ಟಿತು. ಅಂಗವಿಕಲರಿಗೆ ಅನುಕೂಲವಾಗುವ ಮನೆ ಶೌಚಾಲಯ ಹೇಗಿರಬೇಕೆಂದು 2015ರಲ್ಲಿ ಕೈಪಿಡಿಯನ್ನೂ ಚಿತ್ರ ಸಮೇತ ಅಚ್ಚು ಮಾಡಿಸಿತು. ನಾರಾಯಣಖೇಡ್ ಸುತ್ತಿನ ತಾಂಡಾಗಳಲ್ಲಿ ಕನ್ನಡ, ಮರಾಠಿ, ತೆಲುಗು, ಲಂಬಾಣಿ ನಾಲ್ಕೂ ಬಲ್ಲ ಜನರಿದ್ದಾರೆ. ಕೈಪಿಡಿ ದಿಲ್ಲಿಯ ಇಂಗ್ಲಿಷಿನಲ್ಲಿತ್ತು. ಗುತ್ತಿಗೆದಾರ ತನಗೆ ಬರುವ ಒಂದೇ ಭಾಷೆಯಲ್ಲಿ, ಅಂದರೆ ಮೂರಡಿ ನಾಲ್ಕಡಿಯಲ್ಲಿ, ಎಲ್ಲವನ್ನೂ ಕಟ್ಟಿ ಮುಗಿಸಿದ. ಒಂದು ಕಾಲಿಲ್ಲದವನಿಗೂ ಅದೇ ಕುಕ್ಕರಗಾಲಿನ ಬೇಸಿನ್ನು, ಮುಂದೆ ಅದೇ ಎರಡು ಮೆಟ್ಟಿಲು. ಸಮಾನತೆ ಅಂದರೆ ಇದೇ ಇರಬೇಕು.

ಗಾಲಿಕುರ್ಚಿ ಹಂಚುವ ಶಿಬಿರಗಳೂ ಆಗುತ್ತವೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಕೊಡುತ್ತದೆ. ಫೋಟೋದಲ್ಲಿ ಕುರ್ಚಿ ಒಂದು, ಅದರಲ್ಲಿ ಕೂತವರು ಒಬ್ಬರು, ಹಿಂದೆ ಅದನ್ನು ಹಿಡಿದವರು ಹದಿನಾಲ್ಕು ಮಂದಿ. ಮನೆಗೆ ಬಂದ ಮೇಲೆ ಆ ಹದಿನಾಲ್ಕು ಮಂದಿ ಇರುವುದಿಲ್ಲ. ಕುರ್ಚಿ ಪಡಸಾಲೆಯಿಂದ ಬಚ್ಚಲ ಬಾಗಿಲಿನವರೆಗೆ ಪ್ರಯಾಣ ಮಾಡಿ ಅಲ್ಲಿ ನಿಲ್ಲುತ್ತದೆ. ಮುಂದಿನ ಹಂಗಾಮಿಗೆ ಅದರ ಮೇಲೆ ತೊಗರಿ ಚೀಲ ಕೂತಿರುತ್ತದೆ.

ತೆಲಂಗಾಣದಲ್ಲಿ ವೃದ್ಧರಿಗೆ 2,016 ರೂಪಾಯಿ ಪಿಂಚಣಿ ಇದೆ, ಅಂಗವಿಕಲರದ್ದನ್ನು 2023ರಲ್ಲಿ 4,016ಕ್ಕೆ ಏರಿಸಿದರು. ಕೊನೆಯ ಆ ಹದಿನಾರು ರೂಪಾಯಿ ಶುಭಕ್ಕಂತೆ. ಇಂದಿರಮ್ಮ ವಸತಿ ಯೋಜನೆಯ ಮನೆಗೆ 5 ಲಕ್ಷ ಇದೆ. ಸಣ್ಣ ನಿವೇಶನದವರಿಗೆ ಕಟ್ಟಡ ಅನುಮತಿಯ 2020ರ ಬಿಪಾಸ್ ಕಾಯ್ದೆ ಇನ್ನೂ ಉದಾರಿ. 75 ಚದರ ಗಜದೊಳಗಿನ ಜಾಗವಾದರೆ ಅನುಮತಿಯೇ ಬೇಡ, ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕು. ಅದಕ್ಕಿಂತ ದೊಡ್ಡದಾದರೆ ರಸ್ತೆ ಎಷ್ಟು ಅಗಲ, ಪಕ್ಕದ ಗೋಡೆ ಎಷ್ಟು ದೂರ, ಎತ್ತರ ಎಷ್ಟು ಎಂದು ಕೇಳುತ್ತಾರೆ. ಬಚ್ಚಲ ಬಾಗಿಲು ಎಷ್ಟು ಅಗಲ ಎಂದು ಕೇಳಿದರೆ ಜನ ತಪ್ಪು ತಿಳಿದಾರೆಂದು ಬಿಟ್ಟಿರಬೇಕು.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಗಮ್ಯತೆಯ ನಿಯಮ ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಇದೆಲ್ಲ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಸಿನಿಮಾ ಮಂದಿರಗಳ ಮಾತು. ಮನೆಯ ಹೆಬ್ಬಾಗಿಲಲ್ಲಿ ಕಾನೂನು ಚಪ್ಪಲಿ ಬಿಟ್ಟು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಒಳಗೆ ನಡೆಯುವುದು ಗೌಂಡಿಯ ಸಂವಿಧಾನ.

ಜಪಾನಿನವರು ಬೇರೆ ಥರ ಯೋಚಿಸಿದರು. 2000ದ ಏಪ್ರಿಲಿನಲ್ಲಿ ಅಲ್ಲಿ ವೃದ್ಧರ ಆರೈಕೆಗೆಂದೇ ಒಂದು ವಿಮೆ ಬಂತು. ಆರೈಕೆ ಬೇಕಾದ ಮುದುಕರ ಮನೆಗೆ ಹಿಡಿಕೆ ಹಾಕಿಸಲು, ಹೊಸ್ತಿಲು ತೆಗೆಸಲು, ಜಾರದ ನೆಲ ಹಾಸಲು, ಕುಕ್ಕರಗಾಲಿನ ಬೇಸಿನ್ ತೆಗೆದು ಕಮೋಡು ಇಡಲು 2 ಲಕ್ಷ ಯೆನ್‌ವರೆಗಿನ ಖರ್ಚಿನಲ್ಲಿ ಹತ್ತಕ್ಕೆ ಏಳರಿಂದ ಒಂಬತ್ತು ಪಾಲು ವಿಮೆಯೇ ಕೊಡುತ್ತದೆ. ಬಿದ್ದ ಮೇಲೆ ತೊಡೆ ಕೂಡಿಸುವುದಕ್ಕಿಂತ ಬೀಳದಂತೆ ಹೊಸ್ತಿಲು ಕೆಡವುವುದು ಅಗ್ಗ ಎಂಬ ಲೆಕ್ಕ. ನಮ್ಮಲ್ಲಿ ಈ ಲೆಕ್ಕ ಬರುವವರು ಇಲ್ಲವೆಂದಲ್ಲ. ಅವರೆಲ್ಲ ಅಮೆರಿಕಕ್ಕೆ ಹೋಗಿದ್ದಾರೆ. ಅಲ್ಲಿಗೆ ಅವ್ವನನ್ನು ಆರು ತಿಂಗಳಿಗೆ ಕರೆಸಿಕೊಂಡು, ಮೊಣಕಾಲೆತ್ತರದ ಸ್ನಾನದ ತೊಟ್ಟಿಯ ಮುಂದೆ ನಿಲ್ಲಿಸಿ, “ಇದರಾಗ ಹತ್ತಿ ಇಳಿಯವ್ವಾ” ಅನ್ನುತ್ತಾರೆ. ಜಹೀರಾಬಾದಿನ ಹೊಸ್ತಿಲು ನಾಲ್ಕೇ ಇಂಚು ಎಂದು ಅವಳಿಗೆ ಆಗ ಊರಿನ ಮೇಲೆ ಪ್ರೀತಿ ಉಕ್ಕುತ್ತದೆ.

ಗಡಿನಾಡ ಕನ್ನಡದ ಕಾಳಜಿ ಇರುವವರು ಇಲ್ಲಿ ಕಿವಿ ಕೊಡಬೇಕು. ತಾಂಡೂರು, ಜಹೀರಾಬಾದ್, ನಾರಾಯಣಖೇಡ್, ಈ ಮೂರೂ ಊರುಗಳ ಕನ್ನಡದ ಮನೆಗಳಲ್ಲಿ ಕನ್ನಡ ಯಾರ ಬಾಯಲ್ಲಿ ಉಳಿದಿದೆ ನೋಡಿ. ಮೊಮ್ಮಗ ಇಂಗ್ಲಿಷ್ ಶಾಲೆ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ. ಮಗನ ಕನ್ನಡ ಬೀದರಿನ ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತದೆ. ಬೈಯಲಿಕ್ಕೆ, ಹರಸಲಿಕ್ಕೆ, ದೇವರಿಗೆ ಹೇಳಿಕೊಳ್ಳಲಿಕ್ಕೆ ದಿನವಿಡೀ ಕನ್ನಡವನ್ನೇ ಬಳಸುವವಳು ಎಪ್ಪತ್ತೈದರ ಆಯಿ ಒಬ್ಬಳೇ. ಅವಳು ಬಚ್ಚಲಲ್ಲಿ ಬಿದ್ದ ದಿನ ಆ ಮನೆಯ ಕನ್ನಡದ ಸೊಂಟವೂ ಮುರಿಯುತ್ತದೆ. ನಾವು ಕನ್ನಡ ಉಳಿಸಲು ಸಮ್ಮೇಳನ ಮಾಡುತ್ತೇವೆ, ಕನ್ನಡ ಭವನಕ್ಕೆ ಅರ್ಜಿ ಹಾಕುತ್ತೇವೆ, ಹಿರಿಯರಿಗೆ ಸನ್ಮಾನ ಇಟ್ಟುಕೊಳ್ಳುತ್ತೇವೆ. ಎಂಬತ್ತರ ಹಿರಿಯರನ್ನು ಹಿಡಿಕೆಯಿಲ್ಲದ ಆರು ಮೆಟ್ಟಿಲು ಹತ್ತಿಸಿ, ಅಲುಗಾಡುವ ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟು, ಮುಖ್ಯ ಅತಿಥಿ ಬರುವತನಕ ಮೂರು ಗಂಟೆ ಅಲ್ಲೇ ಇಟ್ಟಿರುತ್ತೇವೆ. ಅವರು ಮೆಲ್ಲಗೆ ಕಿವಿಯಲ್ಲಿ ಕೇಳುವ ಒಂದೇ ಪ್ರಶ್ನೆಗೆ ಸಂಘಟಕರು ಮೈದಾನದ ಆಚೆ ತುದಿಯ ಜಾಲಿಗಿಡ ತೋರಿಸುತ್ತಾರೆ. ಶಾಲಿನ ಬದಲು ಮನೆಗೊಂದು ಗಟ್ಟಿ ಹಿಡಿಕೆ ಹಾಕಿಸಿ ಕೊಟ್ಟರೆ ಸನ್ಮಾನಿತರು ಮುಂದಿನ ಸಮ್ಮೇಳನಕ್ಕೂ ಸಿಕ್ಕಾರು.

ಏನು ಮಹಾ ಖರ್ಚು? ಒಂದು ಸ್ಟೀಲ್ ಹಿಡಿಕೆಗೆ ಎರಡು ಮೂರು ಚೀಲ ಸಿಮೆಂಟಿನ ದುಡ್ಡು. ಅದನ್ನು ಇಟ್ಟಿಗೆ ಗೋಡೆಗೆ ಉದ್ದ ಆಂಕರ್ ಬೋಲ್ಟು ಹಾಕಿ ಬಿಗಿಸಬೇಕು. ಪೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಆಚೆ ಬದಿಗೆ ತಟ್ಟೆ ಕೊಟ್ಟು ಆರಪಾರ ಬೋಲ್ಟು. ಬಿಗಿಸಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಜೋತುಬಿದ್ದು ನೋಡಬೇಕು, ಈ ಗೌರವ ಸಾಮಾನ್ಯವಾಗಿ ಮಗನಿಗೇ ಸಲ್ಲುತ್ತದೆ. ಬಾಗಿಲಿನ ಕೀಲು ತಿರುಗಿಸಿ ಹೊರಗೆ ತೆರೆಯುವಂತೆ ಮಾಡುವುದು ಅರ್ಧ ದಿನದ ಕೆಲಸ. ಚಿಲಕ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವಂಥದ್ದು ಅಂಗಡಿಯಲ್ಲೇ ಸಿಗುತ್ತದೆ. ಹೊಸ್ತಿಲು ಒಡೆದು, ನೆಲದ ಇಳಿಜಾರನ್ನು ಮೋರಿಯ ಕಡೆಗೆ ಸರಿಯಾಗಿ ಕೊಟ್ಟರೆ ನೀರು ತಾನಾಗಿ ಅತ್ತ ಹೋಗುತ್ತದೆ. ನೀರು ಯಾವತ್ತೂ ಹೊಸ್ತಿಲಿಗೆ ಹೆದರಿದ್ದಲ್ಲ, ಇಳಿಜಾರಿಗೆ ಒಲಿದದ್ದು. ಕಮೋಡು ತೀರಾ ಗಿಡ್ಡವಿದ್ದರೆ ಏಳಲು ಕಷ್ಟ, ನೆಲದಿಂದ 18 ಇಂಚಿಗೆ ಕೂರುವ ಮಟ್ಟ ಬರಲಿ. ಮೀಯಲು ಕಾಲಿಗೆ ರಬ್ಬರ್ ಬುಷ್ ಇರುವ ಒಂದು ಸ್ಟೂಲು, ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ. ನೆಲಕ್ಕೆ ಪಾಲಿಶ್ ಇಲ್ಲದ ತಾಂಡೂರು ಫರಸಿ. ಇದನ್ನು ಈಗ ಬೆಂಗಳೂರಿನ ಸಿರಿವಂತರು ‘ನ್ಯಾಚುರಲ್ ಲುಕ್’ ಎಂದು ಹುಡುಕಿಕೊಂಡು ಬಂದು ಒಯ್ಯುತ್ತಾರೆ, ಆದ್ದರಿಂದ ಮರ್ಯಾದೆಗೂ ಕೊರತೆಯಿಲ್ಲ.

ಗೌಂಡಿ ಬಂದ ದಿನ ಒಂದು ಕೆಲಸ ಮಾಡಿ. ನೆಲ ಒಣಗಿರುವಾಗಲೇ ಅವ್ವನನ್ನೋ ಅಪ್ಪನನ್ನೋ ಬಚ್ಚಲೊಳಗೆ ಕರೆದುಕೊಂಡು ಹೋಗಿ, ಕಮೋಡಿನ ಮೇಲೆ ಒಮ್ಮೆ ಕೂತು ಏಳಲು ಹೇಳಿ. ಏಳುವಾಗ ಅವರ ಕೈ ಗೋಡೆಯ ಮೇಲೆ ಎಲ್ಲಿ ಹುಡುಕುತ್ತದೋ ಅಲ್ಲಿ ಗೌಂಡಿಯ ಪೆನ್ಸಿಲಿನಿಂದ ಗೆರೆ ಎಳೆಸಿ. ವಾಸ್ತು ಪಂಡಿತರು ಆಕ್ಷೇಪಿಸಿದರೆ ಅವರನ್ನೂ ಒಮ್ಮೆ ಕೂಡಿಸಿ ಏಳಿಸಿ. ಬೋಲ್ಟು ಆ ಗೆರೆಯ ಮೇಲೇ ಬೀಳಲಿ.